ಬೋರು ನೀರಲ್ಲಿ ಸೋಪು ಯಾಕೆ ನೊರೆ ಬರಲ್ಲ?



ನಮ್ಮ ಗೌಡಗೆರೆಯಲ್ಲಿ ಬಟ್ಟೆ ಒಗೆಯುವ ಯಾರನ್ನೇ ಕೇಳಿ, "ಎಷ್ಟು ತಿಕ್ಕಿದ್ರೂ ನೊರೆನೇ ಬರಲ್ಲ" ಅಂತಾರೆ. ತಪ್ಪು ಸೋಪಿನದಲ್ಲ, ನೀರಿನದು. ಮಳೆನೀರು ಭೂಮಿಯೊಳಗೆ ಇಳಿಯುವಾಗ ಮಣ್ಣು, ಬಂಡೆಗಳಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳನ್ನು ಕರಗಿಸಿಕೊಳ್ಳುತ್ತದೆ. ಇದೇ ಗಡಸು ನೀರು. ಹಂಡೆಯ ಒಳಗೆ ಕಟ್ಟುವ ಬಿಳಿ ಪದರವೇ ಇದಕ್ಕೆ ಸಾಕ್ಷಿ. ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಇಲ್ಲದಿದ್ದರೆ 600 ರವರೆಗೆ ಇರಬಹುದು ಎಂದು ಭಾರತೀಯ ಮಾನಕ ಬ್ಯೂರೋ ಹೇಳುತ್ತದೆ.

ಸೋಪಿನ ಅಣು ಗೊದಮೊಟ್ಟೆ ಇದ್ದ ಹಾಗೆ. ತಲೆಗೆ ನೀರು ಇಷ್ಟ, ಬಾಲಕ್ಕೆ ಜಿಡ್ಡು ಇಷ್ಟ. ಬಾಲಗಳು ಜಿಡ್ಡಿಗೆ ಚುಚ್ಚಿಕೊಳ್ಳುತ್ತವೆ, ತಲೆಗಳು ನೀರಿನ ಕಡೆ ಎಳೆಯುತ್ತವೆ, ಕೊಳೆ ಕಿತ್ತುಬರುತ್ತದೆ. ಆದರೆ ಗಡಸು ನೀರಿನಲ್ಲಿ ಸೋಪು ಮೊದಲು ಕ್ಯಾಲ್ಸಿಯಂ ಜೊತೆ ಸೇರಿ ಒಡೆದ ಹಾಲಿನಂತಾಗುತ್ತದೆ. ಅದು ಬಟ್ಟೆಗೇ ಅಂಟಿಕೊಳ್ಳುತ್ತೆ. ಬಿಳಿ ಅಂಗಿ ಮಂಕಾಗಲು ಇದೂ ಒಂದು ಕಾರಣ. ನಂಬಿಕೆ ಇಲ್ಲದಿದ್ದರೆ ಒಂದು ಬಾಟಲಿಗೆ ಮಳೆನೀರು, ಇನ್ನೊಂದಕ್ಕೆ ಬೋರು ನೀರು ಹಾಕಿ, ಎರಡಕ್ಕೂ ಮೈಸೋಪಿನ ನೀರು ನಾಲ್ಕು ನಾಲ್ಕು ಹನಿ ಬಿಟ್ಟು ಕುಲುಕಿ ನೋಡಿ.

ಉಪಾಯ ಉಂಟು. ಬಟ್ಟೆ ಸೋಡಾ (ಅಡುಗೆ ಸೋಡಾ ಅಲ್ಲ!) ಸ್ವಲ್ಪ ಮೊದಲೇ ನೀರಿಗೆ ಕದಡಿಟ್ಟರೆ ಗಡಸುತನ ಸುಣ್ಣದ ಪುಡಿಯಂತೆ ತಳಕ್ಕೆ ಇಳಿಯುತ್ತದೆ. ಆಮೇಲೆ ಸೋಪು ಹಚ್ಚಬೇಕು. ಹಿಂದೆ ಮಡಿವಾಳರು ಚೌಳು ಮಣ್ಣು ಹಾಕಿ ಉಬ್ಬೆಯಲ್ಲಿ ಬೇಯಿಸುತ್ತಿದ್ದರಲ್ಲ, ಆ ಮಣ್ಣಿನಲ್ಲಿ ಇರುವುದೂ ಈ ಸೋಡಾನೇ. ಪುಸ್ತಕ ಓದದೆ ಅವರಿಗೆ ಇದು ಹೇಗೆ ತಿಳಿಯಿತೋ, ನನಗಂತೂ ಆಶ್ಚರ್ಯ. ರೇಷ್ಮೆ ಸೀರೆಗೆ ಮಾತ್ರ ಸೋಡಾ ಬೇಡ, ಎಳೆ ಹಾಳಾಗುತ್ತೆ. ಅದಕ್ಕೆ ಅಂಟುವಾಳಕಾಯಿಯೇ ಸರಿ.

ಸೋಪಿನ ಪುಡಿ, ಅಂದರೆ ಮಾರ್ಜಕ, ಗಡಸು ನೀರಲ್ಲೂ ಸೋಪಿನಂತೆ ಒಡೆಯೋದಿಲ್ಲ. ಹಾಗಂತ ಹಿಡಿಗಟ್ಟಲೆ ಸುರಿಯೋರೇ ಜಾಸ್ತಿ. ನೊರೆ ಹೆಚ್ಚಾದರೆ ಕೊಳೆ ಹೆಚ್ಚು ಹೋಗುತ್ತೆ ಅನ್ನೋದು ಸುಳ್ಳು. ಉಳಿದ ಪುಡಿ ಬಟ್ಟೆಯಲ್ಲೇ ನಿಂತು ಮೈ ನವೆ ಬರುತ್ತೆ, ಜಾಲಿಸೋಕೆ ಇನ್ನೂ ಎರಡು ಕೊಡ ನೀರು ಬೇಕು. ಬೇಸಿಗೆಯಲ್ಲಿ ಆ ಎರಡು ಕೊಡ ಹೊರೋರು ಯಾರು? ಪುಡಿಯ ಕ್ಷಾರ ಚರ್ಮದ ಎಣ್ಣೆಯನ್ನೂ ತೆಗೆಯುತ್ತದೆ. ನಮ್ಮಮ್ಮನ ಕೈ ಬಿರುಕು ಬಿಟ್ಟು, ಬಿಸಿ ಮುದ್ದೆ ಕಟ್ಟುವಾಗ ಉರಿ ಅಂತಿದ್ದರು. ಈಗ ನಮ್ಮನೆಯಲ್ಲಿ ಚಮಚದಲ್ಲಿ ಅಳೆದು ಹಾಕಿ, ಅರ್ಧ ಗಂಟೆ ನೆನೆಸಿ, ಆಮೇಲೆ ತಿಕ್ಕೋದು. ಒಗೆದಾದ ಮೇಲೆ ಅಮ್ಮ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಳ್ತಾರೆ. ಪುಡಿ ಕದಡಿದ ನೀರನ್ನು ದನದ ತೊಟ್ಟಿ ಹತ್ತಿರ ಚೆಲ್ಲಲ್ಲ.

ರಕ್ತದ ಕಲೆಗೆ ತಣ್ಣೀರೇ ಹಾಕಿ, ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತೆ. ಅರಿಶಿನದ ಕಲೆ ಸೋಪು ತಾಗಿದ ಕೂಡಲೇ ಕೆಂಪಾಗುತ್ತದೆ. ಹೆದರಬೇಡಿ, ಅದು ಕ್ಷಾರಕ್ಕೆ ಬಣ್ಣ ಬದಲಿಸುವುದು ಅಷ್ಟೆ. ಜಾಲಿಸಿದರೆ ಮತ್ತೆ ಹಳದಿ. ಆ ಹಳದಿಯನ್ನು ತೆಗೆಯೋನು ಸೂರ್ಯ, ಎರಡು ಮೂರು ದಿನ ಬಿಸಿಲಿಗೆ ಹಾಕಿ.