ಲಾಗಿನ್ ನಮೂನೆಯಲ್ಲಿ ‘ಪಾಸ್‌ವರ್ಡ್ ತೋರಿಸಿ’ ಗುಂಡಿ: ರೈತರ ಜಾಲತಾಣಗಳಿಗೆ ಇದರ ಅಗತ್ಯ ಮತ್ತು ಅಳವಡಿಕೆಯ ಕ್ರಮ

ಪೀಠಿಕೆ

ಪಹಣಿ ಪಡೆಯುವುದರಿಂದ ಹಿಡಿದು ಸಹಾಯಧನಕ್ಕೆ ಅರ್ಜಿ ಸಲ್ಲಿಸುವವರೆಗೆ ಕೃಷಿಗೆ ಸಂಬಂಧಿಸಿದ ಅನೇಕ ಕೆಲಸಗಳು ಇಂದು ಜಾಲತಾಣಗಳ ಮೂಲಕ ನಡೆಯುತ್ತಿವೆ. ಇವುಗಳಲ್ಲಿ ಹಲವು ತಾಣಗಳನ್ನು ಪ್ರವೇಶಿಸಲು ಗುಪ್ತಪದ, ಅಂದರೆ ಪಾಸ್‌ವರ್ಡ್ ನಮೂದಿಸಬೇಕಾಗುತ್ತದೆ. ಒತ್ತಿದ ಪ್ರತಿಯೊಂದು ಅಕ್ಷರವೂ ಅಲ್ಲಿ ಕಪ್ಪು ಚುಕ್ಕೆಯಾಗಿ ಮಾತ್ರ ಕಾಣುತ್ತದೆ. ತಾನು ಬರೆದದ್ದು ಸರಿಯೋ ತಪ್ಪೋ ಎಂಬುದು ಬರೆದವರಿಗೇ ತಿಳಿಯುವುದಿಲ್ಲ. ಕೆಲವು ಬಾರಿ ತಪ್ಪಾದರೆ ಅನೇಕ ತಾಣಗಳಲ್ಲಿ ಖಾತೆ ತಾತ್ಕಾಲಿಕವಾಗಿ ಸ್ಥಗಿತಗೊಳ್ಳುತ್ತದೆ.

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಈ ತೊಂದರೆಯ ಎರಡು ಮುಖಗಳನ್ನು ಕಾಣಬಹುದು. ಕನಕಪುರ, ಹಾರೋಹಳ್ಳಿ, ಆನೇಕಲ್ ಭಾಗದ ಬೆಳೆಗಾರರಿಗೆ ಜಯನಗರ, ಜೆ.ಪಿ. ನಗರ, ಬನಶಂಕರಿ ಮತ್ತು ಬಿ.ಟಿ.ಎಂ. ಬಡಾವಣೆಗಳು ಹತ್ತಿರದ ಮಾರುಕಟ್ಟೆ. ಜಾಲತಾಣದ ಮೂಲಕ ನೇರವಾಗಿ ಮಾರುವ ಬೆಳೆಗಾರರು ದಿನದ ಸೊಪ್ಪು ತರಕಾರಿಗಳ ಪ್ರಮಾಣವನ್ನು ಮುಂಜಾನೆಯೇ ನಮೂದಿಸಬೇಕು. ಆ ಹೊತ್ತಿನಲ್ಲಿ ಖಾತೆ ತೆರೆಯದಿದ್ದರೆ ಕಿತ್ತ ಸೊಪ್ಪು ಬಾಡುತ್ತದೆ. ಇನ್ನೊಂದೆಡೆ, ಇದೇ ಬಡಾವಣೆಗಳಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಊರಿನಲ್ಲಿರುವ ತಂದೆ ತಾಯಿಯ ಅರ್ಜಿಗಳನ್ನು ತುಂಬಿಕೊಡುತ್ತಾರೆ. ಆಗ ಗುಪ್ತಪದವನ್ನು ದೂರವಾಣಿಯಲ್ಲಿ ಒಂದೊಂದೇ ಅಕ್ಷರವಾಗಿ ಹೇಳಬೇಕಾಗುತ್ತದೆ.

ಪದೇ ಪದೇ ವಿಫಲರಾದ ರೈತರು ಕೊನೆಗೆ ಗುಪ್ತಪದವನ್ನು ಚೀಟಿಯಲ್ಲಿ ಬರೆದು ಪರಿಚಿತರ ಅಥವಾ ಮಧ್ಯವರ್ತಿಗಳ ಕೈಗೆ ಕೊಟ್ಟುಬಿಡುವುದುಂಟು. ಆ ಕ್ಷಣದಿಂದ ಜಮೀನಿನ ವಿವರ, ಬ್ಯಾಂಕ್ ಖಾತೆಯ ಸಂಖ್ಯೆ, ಅರ್ಜಿಯ ಸ್ಥಿತಿಗತಿ ಎಲ್ಲವೂ ಬೇರೆಯವರ ವಶವಾಗುತ್ತವೆ. ಇತರರ ಕಣ್ಣಿನಿಂದ ಕಾಪಾಡಬೇಕಾದ ಚುಕ್ಕೆಗಳೇ ಗುಪ್ತಪದವನ್ನು ಇತರರ ಕೈಗೆ ತಲುಪಿಸಿದಂತಾಗುತ್ತದೆ. ‘ಪಾಸ್‌ವರ್ಡ್ ತೋರಿಸಿ’ ಎಂಬ ಒಂದು ಸಣ್ಣ ಗುಂಡಿ ಇದನ್ನು ಬಹುಮಟ್ಟಿಗೆ ತಪ್ಪಿಸಬಲ್ಲದು.

ಚುಕ್ಕೆಗಳು ಮಾಡುವ ಕೆಲಸವೇನು?

ಚುಕ್ಕೆಗಳಿಂದಲೇ ಗುಪ್ತಪದ ಸುರಕ್ಷಿತವಾಗುತ್ತದೆ ಎಂಬ ಭಾವನೆ ಸಾಮಾನ್ಯವಾಗಿದೆ. ವಾಸ್ತವವಾಗಿ ಅವು ಪರದೆಯ ಮೇಲಿನ ಮುಸುಕು ಮಾತ್ರ. ಪಕ್ಕದಲ್ಲಿ ನಿಂತವರು ಓದದಂತೆ ತಡೆಯುವುದಷ್ಟೇ ಅವುಗಳ ಕೆಲಸ. ಗುಪ್ತಪದವು ದಾರಿಯಲ್ಲಿ ಕಳವಾಗದಂತೆ ಕಾಯುವುದು ಜಾಲತಾಣದ ಗೂಢಲಿಪಿ ಸಂಪರ್ಕ. ಸರ್ವರಿನಲ್ಲಿ ಕಾಯುವುದು ಅದನ್ನು ಮೂಲರೂಪದಲ್ಲಿ ಇಡದೆ ಪರಿವರ್ತಿಸಿ ಸಂಗ್ರಹಿಸುವ ಕ್ರಮ. ತೋರಿಸುವ ಗುಂಡಿಯಿಂದ ಈ ಎರಡು ರಕ್ಷಣೆಗಳಿಗೂ ಧಕ್ಕೆಯಾಗುವುದಿಲ್ಲ.

ಬಳಕೆ ಸೌಲಭ್ಯದ ತಜ್ಞ ಜೇಕಬ್ ನೀಲ್ಸನ್ ಅವರು 2009ರಲ್ಲಿಯೇ ಈ ಮುಸುಕನ್ನು ಕೈಬಿಡುವಂತೆ ವಾದಿಸಿದ್ದರು. 2012ರಲ್ಲಿ ಬಂದ ವಿಂಡೋಸ್ 8ರ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 10ರಲ್ಲಿ ಗುಪ್ತಪದ ತೋರಿಸುವ ಕಣ್ಣಿನ ಚಿಹ್ನೆ ಇತ್ತು. ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು 2017ರ ಮಾರ್ಗಸೂಚಿಯಲ್ಲಿ, ಸರಿಯಾಗಿ ನಮೂದಿಸಲು ನೆರವಾಗುವಂತೆ ಗುಪ್ತಪದವನ್ನು ತೋರಿಸುವ ಆಯ್ಕೆ ನೀಡಬೇಕೆಂದು ಶಿಫಾರಸು ಮಾಡಿದೆ.

ಉದ್ದವಾದ ಗುಪ್ತಪದ ಹೆಚ್ಚು ಭದ್ರ; ಆದರೆ ಉದ್ದ ಹೆಚ್ಚಿದಂತೆ ತಪ್ಪುಗಳೂ ಹೆಚ್ಚುತ್ತವೆ. ಸಣ್ಣ ಕೀಲಿಮಣೆಯಲ್ಲಿ ಪ್ರತಿ 50 ಒತ್ತುಗಳಿಗೆ ಒಂದು ತಪ್ಪಾಗುತ್ತದೆ ಎಂದು ಭಾವಿಸೋಣ. ಆಗ 12 ಅಕ್ಷರಗಳ ಗುಪ್ತಪದವು ಒಮ್ಮೆಗೇ ಸರಿಯಾಗಿ ಮೂಡುವ ಸಾಧ್ಯತೆ ಸುಮಾರು ಶೇ. 78 ಮಾತ್ರ. ಅಂದರೆ ಐದು ಪ್ರಯತ್ನಗಳಲ್ಲಿ ಒಂದು ವಿಫಲವಾಗುತ್ತದೆ. ಕಣ್ಣಾರೆ ನೋಡಿ ತಿದ್ದುವ ಅವಕಾಶವಿದ್ದಾಗ ಮಾತ್ರ ರೈತರು ಉದ್ದವಾದ ಗುಪ್ತಪದವನ್ನು ಇಟ್ಟುಕೊಳ್ಳಲು ಮುಂದಾಗುತ್ತಾರೆ.

ಕನ್ನಡ ಬಳಕೆದಾರರ ವಿಶೇಷ ತೊಂದರೆಗಳು

1. ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯಂತಹ ತಂತ್ರಾಂಶ ಕನ್ನಡ ಸ್ಥಿತಿಯಲ್ಲಿ ಉಳಿದಿದ್ದರೆ ಇಂಗ್ಲಿಷ್ ಅಕ್ಷರಗಳ ಬದಲು ಬೇರೆ ಚಿಹ್ನೆಗಳು ಮೂಡಬಹುದು. ಚುಕ್ಕೆಗಳ ಹಿಂದೆ ಎರಡೂ ಒಂದೇ ರೀತಿ ಕಾಣುತ್ತವೆ.

2. ಕನ್ನಡ ಅಂಕಿ ‘೧’ ಮತ್ತು ‘1’ ಮನುಷ್ಯರಿಗೆ ಒಂದೇ ಆದರೂ ಗಣಕಕ್ಕೆ ಬೇರೆ ಬೇರೆ.

3. ‘ಕೃಷಿ’ ಎಂಬುದು ನಮಗೆ ಎರಡು ಅಕ್ಷರ. ಯೂನಿಕೋಡ್ ಪದ್ಧತಿಯಲ್ಲಿ ಅದು 4 ಸಂಕೇತಗಳು. ಆದ್ದರಿಂದ ಚುಕ್ಕೆಗಳನ್ನು ಎಣಿಸಿ ತಪ್ಪು ಹಿಡಿಯಲು ಸಾಧ್ಯವಾಗುವುದಿಲ್ಲ.

4. ಇಂಗ್ಲಿಷಿನ ದೊಡ್ಡಕ್ಷರ ಮತ್ತು ಸಣ್ಣಕ್ಷರಗಳ ಭೇದವು ಕನ್ನಡ ಲಿಪಿಯಲ್ಲಿಲ್ಲ. ದೂರವಾಣಿಯಲ್ಲಿ ಹೇಳುವಾಗ ಈ ಭೇದ ಸುಲಭವಾಗಿ ತಪ್ಪಿಹೋಗುತ್ತದೆ.

ಅಳವಡಿಸುವ ಕ್ರಮ

ರೈತ ಉತ್ಪಾದಕ ಸಂಸ್ಥೆಗಳು ತಮ್ಮ ಜಾಲತಾಣವನ್ನು ರೂಪಿಸುವವರಿಗೆ ಕೆಳಗಿನ ಅಂಶಗಳನ್ನು ತಿಳಿಸುವುದು ಸೂಕ್ತ.

1. ಜಾಲಪುಟದಲ್ಲಿ ಗುಪ್ತಪದದ ಚೌಕದ ‘ಟೈಪ್’ ಎಂಬ ಗುಣವು ‘ಪಾಸ್‌ವರ್ಡ್’ ಎಂದಿರುತ್ತದೆ. ಗುಂಡಿ ಒತ್ತಿದಾಗ ಜಾವಾಸ್ಕ್ರಿಪ್ಟ್ ಮೂಲಕ ಅದನ್ನು ‘ಟೆಕ್ಸ್ಟ್’ ಎಂದು ಬದಲಾಯಿಸಬೇಕು. ಮತ್ತೆ ಒತ್ತಿದಾಗ ಮೊದಲಿನಂತಾಗಬೇಕು. ಬರೆದ ಅಕ್ಷರಗಳು ಅಳಿಯಬಾರದು.

2. ಪುಟ ತೆರೆದಾಗ ಗುಪ್ತಪದವು ಮುಚ್ಚಿದ ಸ್ಥಿತಿಯಲ್ಲಿಯೇ ಇರಬೇಕು. ತೋರಿಸುವುದು ಬಳಕೆದಾರರ ಆಯ್ಕೆಯಾಗಿರಬೇಕು.

3. ಗುಂಡಿಯ ಬಗೆಯನ್ನು ‘ಬಟನ್’ ಎಂದು ಸ್ಪಷ್ಟವಾಗಿ ನಮೂದಿಸಬೇಕು. ಇಲ್ಲದಿದ್ದರೆ ನಮೂನೆಯೊಳಗಿನ ಗುಂಡಿಯನ್ನು ಬ್ರೌಸರ್ ಸಲ್ಲಿಕೆಯ ಗುಂಡಿಯೆಂದು ಭಾವಿಸಿ, ಅರ್ಧ ಬರೆದ ಗುಪ್ತಪದವನ್ನೇ ಕಳುಹಿಸುತ್ತದೆ.

4. ಕಣ್ಣಿನ ಚಿತ್ರವೊಂದೇ ಸಾಲದು. ತೆರೆದ ಕಣ್ಣು ಈಗಿನ ಸ್ಥಿತಿಯನ್ನು ಸೂಚಿಸುತ್ತದೆಯೋ, ಒತ್ತಿದರೆ ಆಗುವುದನ್ನು ಸೂಚಿಸುತ್ತದೆಯೋ ಎಂಬ ಗೊಂದಲ ಉಂಟಾಗುತ್ತದೆ. ‘ಪಾಸ್‌ವರ್ಡ್ ತೋರಿಸಿ’, ‘ಪಾಸ್‌ವರ್ಡ್ ಮರೆಮಾಡಿ’ ಎಂದು ಕನ್ನಡದಲ್ಲಿ ಬರೆಯುವುದು ಉತ್ತಮ. ಪರದೆಯನ್ನು ಓದಿಹೇಳುವ ತಂತ್ರಾಂಶ ಬಳಸುವ ದೃಷ್ಟಿದೋಷವುಳ್ಳವರಿಗೂ ಇದರಿಂದ ಅನುಕೂಲವಾಗುತ್ತದೆ. ಗುಂಡಿಯು ಕೀಲಿಮಣೆಯಿಂದಲೂ ಕೆಲಸ ಮಾಡಬೇಕು.

5. ಚೌಕವು ‘ಟೆಕ್ಸ್ಟ್’ ಆದಾಗ ಬ್ರೌಸರ್ ಅದನ್ನು ಸಾಮಾನ್ಯ ಬರಹವೆಂದು ಪರಿಗಣಿಸುತ್ತದೆ. ಕೆಲವು ಬ್ರೌಸರುಗಳ ಸುಧಾರಿತ ಕಾಗುಣಿತ ಪರೀಕ್ಷೆಯು ಇಂತಹ ಬರಹವನ್ನು ಹೊರಗಿನ ಸರ್ವರಿಗೆ ಕಳುಹಿಸುತ್ತದೆ ಎಂಬುದು 2022ರಲ್ಲಿ ಬೆಳಕಿಗೆ ಬಂದಿತು. ಆದ್ದರಿಂದ ಆ ಚೌಕಕ್ಕೆ ಕಾಗುಣಿತ ಪರೀಕ್ಷೆ, ತಾನಾಗಿ ತಿದ್ದುವಿಕೆ ಮತ್ತು ತಾನಾಗಿ ದೊಡ್ಡಕ್ಷರವಾಗುವಿಕೆಯನ್ನು ತಪ್ಪದೆ ನಿಲ್ಲಿಸಬೇಕು.

6. ಲಾಗಿನ್ ಒತ್ತಿದ ಕೂಡಲೇ ಚೌಕವು ಮತ್ತೆ ‘ಪಾಸ್‌ವರ್ಡ್’ ಬಗೆಗೆ ಮರಳಬೇಕು. ಇಲ್ಲದಿದ್ದರೆ ಬ್ರೌಸರ್ ಅದನ್ನು ಸಾಮಾನ್ಯ ಬರಹವೆಂದು ನೆನಪಿಟ್ಟು, ಹಂಚಿಕೊಂಡ ಗಣಕದಲ್ಲಿ ಮುಂದಿನವರಿಗೆ ಸಲಹೆಯಾಗಿ ತೋರಿಸುವ ಅಪಾಯವಿದೆ.

7. ಸೊನ್ನೆ ಮತ್ತು ಇಂಗ್ಲಿಷಿನ ‘ಓ’, ಒಂದು ಮತ್ತು ಸಣ್ಣ ‘ಎಲ್’ ಸ್ಪಷ್ಟವಾಗಿ ಬೇರೆಯಾಗಿ ಕಾಣುವ ಅಕ್ಷರಶೈಲಿಯನ್ನು ಬಳಸಬೇಕು. ಗುಂಡಿಯು ಹೆಬ್ಬೆರಳಿಗೆ ಸುಲಭವಾಗಿ ಸಿಗುವಷ್ಟು ದೊಡ್ಡದಾಗಿರಬೇಕು.

ಅಳವಡಿಸಿದ ನಂತರ ಕಡಿಮೆ ಬೆಲೆಯ ಮೊಬೈಲ್ ಫೋನಿನಲ್ಲಿ, ಹೊಲದ ಬಿಸಿಲಿನಲ್ಲಿ, ಒಬ್ಬಿಬ್ಬರು ರೈತರಿಂದಲೇ ಪರೀಕ್ಷಿಸಿ ನೋಡುವುದು ಅಗತ್ಯ.

ರೈತ ಬಾಂಧವರು ಗಮನಿಸಬೇಕಾದ ಅಂಶಗಳು

• ಮನೆಯಲ್ಲಿ ಅಥವಾ ಹೊಲದಲ್ಲಿ ಒಬ್ಬರೇ ಇರುವಾಗ ಗುಪ್ತಪದವನ್ನು ತೋರಿಸಿ, ಓದಿ, ತಿದ್ದಿ, ನಂತರ ಲಾಗಿನ್ ಒತ್ತಬಹುದು.

• ಬನಶಂಕರಿ ಬಸ್ ನಿಲ್ದಾಣ, ಮೆಟ್ರೋ ರೈಲು, ಸೈಬರ್ ಕೇಂದ್ರ ಅಥವಾ ಕಚೇರಿಯ ಸಾಲಿನಂತಹ ಜನನಿಬಿಡ ಸ್ಥಳಗಳಲ್ಲಿ ಈ ಗುಂಡಿಯನ್ನು ಒತ್ತಬಾರದು. ಕ್ಯಾಮೆರಾ ಇರುವಲ್ಲಿಯೂ ಇದೇ ಎಚ್ಚರಿಕೆ ಅಗತ್ಯ.

• ಮೊಬೈಲಿನ ಪರದೆಯನ್ನು ಇತರರೊಡನೆ ಹಂಚಿಕೊಂಡಿರುವಾಗ ಗುಪ್ತಪದವನ್ನು ತೋರಿಸಬಾರದು. ತೋರಿಸಿದ ಸ್ಥಿತಿಯಲ್ಲಿ ಪರದೆಯ ಚಿತ್ರವನ್ನು ಯಾರಿಗೂ ಕಳುಹಿಸಬಾರದು.

• ಗುಪ್ತಪದವನ್ನು ಬೇರೆಯವರಿಗೆ ಹೇಳಲೇಬೇಕಾಗಿ ಬಂದಿದ್ದರೆ, ಕೆಲಸ ಮುಗಿದ ತಕ್ಷಣ ಅದನ್ನು ಬದಲಾಯಿಸಬೇಕು.

• ಮೊಬೈಲಿಗೆ ಬರುವ ಓಟಿಪಿ ಸಂಖ್ಯೆಯನ್ನು ದೂರವಾಣಿಯಲ್ಲಿ ಕೇಳುವ ಯಾರಿಗೂ ತಿಳಿಸಬಾರದು.

ವಿಸ್ತರಣಾ ಕಾರ್ಯಕರ್ತರ ಪಾತ್ರ

ರೈತ ಸಂಪರ್ಕ ಕೇಂದ್ರಗಳಲ್ಲಿ ನೆರವು ನೀಡುವ ಸಿಬ್ಬಂದಿಯು ಗುಪ್ತಪದವನ್ನು ಕೇಳಿ ತಾವೇ ಬರೆಯುವ ಬದಲು, ಕೀಲಿಮಣೆಯನ್ನು ರೈತರ ಮುಂದಿಟ್ಟು ಅವರಿಂದಲೇ ಬರೆಸಬೇಕು. ಮೊದಲು ಕೀಲಿಮಣೆ ಇಂಗ್ಲಿಷ್ ಸ್ಥಿತಿಯಲ್ಲಿದೆಯೇ ಎಂದು ನೋಡಿಕೊಳ್ಳಬೇಕು. ಬಳಿಕ ತೋರಿಸುವ ಗುಂಡಿಯನ್ನು ಪರಿಚಯಿಸಿ, ರೈತರು ಓದಿ ತಿದ್ದುವಾಗ ತಾವು ಮುಖ ತಿರುಗಿಸಿಕೊಳ್ಳುವುದು ಒಳ್ಳೆಯ ಪದ್ಧತಿ. ಕೆಲಸ ಮುಗಿದ ನಂತರ ಲಾಗೌಟ್ ಮಾಡಿಸಿ, ಗುಪ್ತಪದವನ್ನು ಬ್ರೌಸರಿನಲ್ಲಿ ಉಳಿಸದಂತೆ ನೋಡಿಕೊಳ್ಳಬೇಕು. ಇದಕ್ಕೆ ಎರಡು ನಿಮಿಷ ಹೆಚ್ಚು ಹಿಡಿಯಬಹುದು. ಆದರೆ ಮುಂದಿನ ಬಾರಿ ಆ ರೈತರು ತಾವೇ ಲಾಗಿನ್ ಮಾಡಬಲ್ಲರು.

ಹೊಲಕ್ಕೆ ಬೇಲಿ ಹಾಕಿದರೂ ಮಾಲೀಕರು ಒಳಹೋಗಲು ಗೇಟು ಬಿಡುತ್ತೇವೆ. ಗುಪ್ತಪದದ ಚುಕ್ಕೆಗಳೂ ಅಂತಹ ಬೇಲಿಯೇ. ತಮ್ಮ ಖಾತೆಯನ್ನು ರೈತರು ತಾವೇ ತೆರೆದು ತಾವೇ ಮುಚ್ಚುವಂತಾಗಬೇಕಾದರೆ, ಈ ಬೇಲಿಗೂ ಒಂದು ಗೇಟು ಇರುವುದು ಅತ್ಯವಶ್ಯಕ.