ಪ್ಯೂರಿನ್ ಮತ್ತು ಪ್ರೋಟೀನ್: ಯೂರಿಕ್ ಆಮ್ಲದ ಮೂಲ

ಬೆಂಗಳೂರು ದಂಡಿನ ಶಿವಾಜಿನಗರದಲ್ಲಿ 1927ರಲ್ಲಿ ಕಟ್ಟಲಾದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಮಟನ್, ಲಿವರ್, ಬೋಟಿ, ಮೀನು, ಮೊಟ್ಟೆಗಳೆಲ್ಲ ಕೂಗಳತೆಯಲ್ಲೇ ದೊರೆಯುತ್ತವೆ. ಇವೆಲ್ಲವನ್ನೂ ಪ್ರೋಟೀನ್ ಆಹಾರವೆಂದು ಒಟ್ಟಿಗೆ ಎಣಿಸುವ ರೂಢಿಯಿರುವುದರಿಂದ, ರಕ್ತದಲ್ಲಿ ಯೂರಿಕ್ ಆಮ್ಲ ಹೆಚ್ಚಿದೆಯೆಂದು ತಿಳಿದೊಡನೆ ಎಷ್ಟೋ ಮನೆಗಳಲ್ಲಿ ಮಾಂಸದ ಜೊತೆಗೆ ಮೊಟ್ಟೆ, ಹಾಲು, ಬೇಳೆಸಾರುಗಳನ್ನೂ ಬಿಡಿಸಲಾಗುತ್ತದೆ. ಆದರೆ ಯೂರಿಕ್ ಆಮ್ಲ ಹುಟ್ಟುವುದು ಪ್ಯೂರಿನ್ ಒಡೆದಾಗಲೇ ಹೊರತು ಪ್ರೋಟೀನ್ ಒಡೆದಾಗಲ್ಲ.

ಪ್ರೋಟೀನ್ ಎಂಬುದು ಇಪ್ಪತ್ತು ಬಗೆಯ ಅಮೈನೋ ಆಮ್ಲಗಳು ಬೇರೆ ಬೇರೆ ಕ್ರಮದಲ್ಲಿ ಕೂಡಿಕೊಂಡು ಆಗುವ ಉದ್ದನೆಯ ಸರಪಳಿ. ಅದರಲ್ಲಿ ದೇಹಕ್ಕೆ ಬೇಡವಾದ ಸಾರಜನಕವನ್ನು ಯಕೃತ್ತು ಯೂರಿಯಾ ಆಗಿ ಮಾರ್ಪಡಿಸುತ್ತದೆ, ಯೂರಿಯಾ ನೀರಿನಲ್ಲಿ ಸುಲಭವಾಗಿ ಕರಗಿ ಮೂತ್ರದಲ್ಲಿ ಹೊರಹೋಗುತ್ತದೆ. ಪ್ಯೂರಿನ್ ಸರಪಳಿಯಲ್ಲ, ಸಾರಜನಕವನ್ನು ಒಳಗೊಂಡ ಎರಡು ಉಂಗುರಗಳ ಪುಟ್ಟ ಅಣು. ಡಿಎನ್‌ಎ ಮತ್ತು ಆರ್‌ಎನ್‌ಎಗಳಲ್ಲಿರುವ ಅಡೆನಿನ್, ಗ್ವಾನಿನ್‌ಗಳು ಇದೇ ಕುಲಕ್ಕೆ ಸೇರಿದವು. ಇವು ಒಡೆದು ಕೊನೆಗೆ ಯೂರಿಕ್ ಆಮ್ಲವಾಗುತ್ತವೆ. ಹೆಚ್ಚಿನ ಸಸ್ತನಿಗಳಲ್ಲಿ ಯೂರಿಕೇಸ್ ಎಂಬ ಕಿಣ್ವ ಈ ಆಮ್ಲವನ್ನು ಇನ್ನಷ್ಟು ಒಡೆದು ಕರಗಿಸಿಬಿಡುತ್ತದೆ. ಮನುಷ್ಯ ಆ ಕಿಣ್ವವನ್ನು ವಿಕಾಸದ ಹಾದಿಯಲ್ಲಿ ಕಳೆದುಕೊಂಡಿದ್ದಾನೆ. ಹೀಗಾಗಿ 100 ಮಿಲಿಲೀಟರ್ ರಕ್ತದಲ್ಲಿ ಯೂರಿಕ್ ಆಮ್ಲ ಸುಮಾರು 6.8 ಮಿಲಿಗ್ರಾಂ ಮೀರಿದರೆ ಅದು ಹರಳುಗಟ್ಟಲು ಅವಕಾಶವಾಗುತ್ತದೆ, ಆ ಹರಳುಗಳು ಕೀಲಿನಲ್ಲಿ, ಬಹುಪಾಲು ಕಾಲಿನ ಹೆಬ್ಬೆರಳಿನ ಬುಡದಲ್ಲಿ, ಸೇರಿ ಗೌಟ್ ಎಂಬ ತೀವ್ರ ನೋವಿನ ರೋಗವನ್ನು ಉಂಟುಮಾಡುತ್ತವೆ. ಪ್ಯೂರಿನ್ ಎಂಬ ಹೆಸರನ್ನಿತ್ತು 1898ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಜರ್ಮನಿಯ ಎಮಿಲ್ ಫಿಶರ್, ಮುಂದೆ ಪ್ರೋಟೀನಿನ ಕೊಂಡಿಗಳನ್ನೂ ಅಭ್ಯಸಿಸಿದರೆಂಬುದು ಇಲ್ಲಿ ನೆನೆಯತಕ್ಕ ಸಂಗತಿ.

ಪ್ಯೂರಿನ್ ಮುಖ್ಯವಾಗಿ ಜೀವಕೋಶಗಳೊಳಗೆ ಇರುವುದರಿಂದ, ಕೋಶಗಳು ಒತ್ತೊತ್ತಾಗಿ ಸೇರಿ ಬಿಡುವಿಲ್ಲದೆ ಕೆಲಸಮಾಡುವ ಲಿವರ್, ಮೂತ್ರಪಿಂಡಗಳಲ್ಲಿ ಅದು ಹೇರಳವಾಗಿರುತ್ತದೆ. ಭೂತಾಯಿಯಂಥ ಸಣ್ಣ ಮೀನುಗಳಲ್ಲಿಯೂ ಹೆಚ್ಚು. ಕೋಳಿಮೊಟ್ಟೆಯಾದರೋ ಒಂದೇ ಕೋಶದ ಸುತ್ತ ಕೂಡಿಟ್ಟ ಆಹಾರದ ದಾಸ್ತಾನು, ಹಾಲು ಗ್ರಂಥಿಯಿಂದ ಸ್ರವಿಸಿದ ದ್ರವ. ಆದ್ದರಿಂದಲೇ ಇವೆರಡರಲ್ಲೂ ಪ್ರೋಟೀನ್ ಧಾರಾಳವಾಗಿದ್ದರೂ ಪ್ಯೂರಿನ್ ಅತ್ಯಲ್ಪ. ಇದಕ್ಕೆ ತದ್ವಿರುದ್ಧ ಉದಾಹರಣೆ ಇಂದಿರಾನಗರದ ಪಬ್‌ಗಳಲ್ಲಿ ಮಾರುವ ಬಿಯರ್: ಅದರಲ್ಲಿ ಪ್ರೋಟೀನ್ ಹೆಸರಿಗಷ್ಟೇ ಇದ್ದರೂ ಪ್ಯೂರಿನ್ ಇದೆ, ಸಾಲದ್ದಕ್ಕೆ ಮದ್ಯಸಾರವು ಯೂರಿಕ್ ಆಮ್ಲ ಮೂತ್ರದಲ್ಲಿ ಹೊರಹೋಗುವುದನ್ನೂ ತಡೆಯುತ್ತದೆ.

ಬೇಳೆಕಾಳುಗಳಲ್ಲಿ ಪ್ಯೂರಿನ್ ಮಧ್ಯಮ ಪ್ರಮಾಣದಲ್ಲಿದೆ ಎಂಬುದು ನಿಜ. ಆದರೆ ಅಮೆರಿಕದ ಸಾವಿರಾರು ಪುರುಷರನ್ನು ಹನ್ನೆರಡು ವರ್ಷ ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮಾಂಸ ಮತ್ತು ಮೀನು ಹೆಚ್ಚು ತಿನ್ನುವವರಲ್ಲಿ ಗೌಟ್ ಹೆಚ್ಚಾಗಿ ಕಂಡುಬಂದರೂ, ಪ್ಯೂರಿನ್ ಇರುವ ಬೇಳೆಕಾಳು, ತರಕಾರಿಗಳಿಂದಾಗಲಿ, ಒಟ್ಟು ಪ್ರೋಟೀನಿನ ಪ್ರಮಾಣದಿಂದಾಗಲಿ ಅಪಾಯ ಹೆಚ್ಚಲಿಲ್ಲ. ಹಾಲಿನ ಪದಾರ್ಥಗಳನ್ನು ಹೆಚ್ಚು ಸೇವಿಸುವವರಲ್ಲಿ ಅದು ಕಡಿಮೆಯೇ ಇತ್ತು. ಮಾಂಸ ತಿನ್ನದ ಮನೆಯಲ್ಲಿ ಬೇಳೆಯೇ ಪ್ರೋಟೀನಿನ ಪ್ರಧಾನ ಆಧಾರವಾಗಿರುವಾಗ, ಗೌಟ್‌ನ ಹೆಸರಿನಲ್ಲಿ ಸಾರನ್ನೇ ಕಸಿದುಕೊಳ್ಳುವ ಪಥ್ಯ ಅನ್ಯಾಯದ್ದು.

ಮೂತ್ರಪಿಂಡ ಸೋತವರ ಪಥ್ಯದ ಉದ್ದೇಶವೇ ಬೇರೆ. ಅವರಲ್ಲಿ ಯೂರಿಯಾದಂಥ ತ್ಯಾಜ್ಯಗಳೇ ರಕ್ತದಲ್ಲಿ ಉಳಿಯುವುದರಿಂದ ವೈದ್ಯರು ಪ್ರೋಟೀನನ್ನೂ ಅಳೆದು ಕೊಡಬೇಕಾಗುತ್ತದೆ. ಪ್ರಯೋಗಾಲಯದ ವರದಿಯಲ್ಲಿ ಯೂರಿಯಾ ಮತ್ತು ಯೂರಿಕ್ ಆಮ್ಲ ಬೇರೆ ಬೇರೆ ಸಾಲುಗಳಲ್ಲಿರುತ್ತವೆ; ಒಬ್ಬರ ಪಥ್ಯವನ್ನು ಇನ್ನೊಬ್ಬರು ನಕಲು ಮಾಡುವ ಮೊದಲು ಯಾವ ಸಾಲಿನ ಅಂಕಿ ಏರಿದೆಯೆಂದು ವೈದ್ಯರನ್ನು ಕೇಳಿ ತಿಳಿಯಬೇಕು. ಯೂರಿಕ್ ಆಮ್ಲದ ಸುಮಾರು ಮೂರನೆಯ ಎರಡು ಭಾಗ ದೇಹದ ಸ್ವಂತ ಪ್ಯೂರಿನ್‌ನಿಂದಲೇ ಬರುವುದರಿಂದ ಗೌಟ್ ಪದೇಪದೇ ಮರುಕಳಿಸುವವರಿಗೆ ಪಥ್ಯವೊಂದೇ ಸಾಲದು, ಆ ಆಮ್ಲದ ಉತ್ಪತ್ತಿಯನ್ನು ತಡೆಯುವ ಅಲೋಪ್ಯೂರಿನಾಲ್‌ನಂಥ ಔಷಧಿಯನ್ನು ವೈದ್ಯರ ಸಲಹೆಯಂತೆ ತಪ್ಪದೆ ಸೇವಿಸಬೇಕಾಗುತ್ತದೆ.