ರಾಕೆಟ್ ಮೂತಿ ಹೊತ್ತ ಸೈಕಲ್: ಆ ಚಿತ್ರದಲ್ಲಿರುವ ಕನ್ನಡಿಗ ಸಿ. ಆರ್. ಸತ್ಯ

ಹೊರನಾಡಿನ ಕನ್ನಡ ಸಂಘಗಳ ವಾರ್ಷಿಕೋತ್ಸವಗಳಲ್ಲಿ ಸುಬ್ಬಮ್ಮನ ಏಕಾದಶಿ ಉಪವಾಸದ ಹಾಸ್ಯಗೀತೆ ಕೇಳದವರು ಅಪರೂಪ. ಫಲಾಹಾರದ ಪಟ್ಟಿ ಉದ್ದವಾದಷ್ಟೂ ಸಭಾಂಗಣದಲ್ಲಿ ನಗು ಏರುತ್ತದೆ. ಆ ಗೀತೆ ಬರೆದ ಸಿ. ಆರ್. ಸತ್ಯ ಅವರು ವೃತ್ತಿಯಲ್ಲಿ ರಾಕೆಟ್ ಎಂಜಿನಿಯರ್ ಎಂಬುದು ಹಾಡುವವರಲ್ಲೇ ಅನೇಕರಿಗೆ ತಿಳಿದಿಲ್ಲ. ಭಾರತದ ಬಾಹ್ಯಾಕಾಶ ಚರಿತ್ರೆಯ ಅತ್ಯಂತ ಪ್ರಸಿದ್ಧ ಛಾಯಾಚಿತ್ರದಲ್ಲಿ ಇರುವವರೂ ಅವರೇ.

ತಿರುವನಂತಪುರದ ಸಮೀಪದ ತುಂಬ ರಾಕೆಟ್ ಉಡಾವಣಾ ಕೇಂದ್ರದಲ್ಲಿ 1966ರಲ್ಲಿ ಫ್ರಾನ್ಸಿನ ಖ್ಯಾತ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ ಬ್ರೆಸ್ಸೋ ತೆಗೆದ ಚಿತ್ರವದು. ಸೈಕಲ್ಲಿನ ಕ್ಯಾರಿಯರ್ ಮೇಲೆ ರಾಕೆಟಿನ ಮೂತಿ, ಜೊತೆಗೆ ಇಬ್ಬರು. ಒಬ್ಬರು ಸತ್ಯ, ಇನ್ನೊಬ್ಬರು ಅವರ ಸಹೋದ್ಯೋಗಿ. ಚಂದ್ರಯಾನದ ಸುದ್ದಿ ಬಂದಾಗಲೆಲ್ಲ ಈ ಚಿತ್ರ ಮೊಬೈಲಿನಿಂದ ಮೊಬೈಲಿಗೆ ಹಾರುತ್ತದೆ. ಆದರೆ ಅಡಿಬರಹದಲ್ಲಿ ಹೆಸರುಗಳಿರುವುದಿಲ್ಲ. ಬದಲಿಗೆ ‘1963ರಲ್ಲಿ ಮೊದಲ ರಾಕೆಟನ್ನು ಸೈಕಲ್ ಮೇಲೆ ಒಯ್ದರು’ ಎಂದಿರುತ್ತದೆ. ಇದು ಸರಿಯಲ್ಲ.

ಮೊದಲ ರಾಕೆಟ್ ಹೋದದ್ದು ಲಾರಿಯಲ್ಲಿ. ಅದು ಅಮೆರಿಕ ಕೊಟ್ಟ ಎರಡು ಹಂತದ ನೈಕಿ-ಅಪಾಚೆ. ಪೂರ್ತಿ ಜೋಡಿಸಿದರೆ ತೂಕ ಸುಮಾರು 700 ಕಿಲೋ. ಯಾವ ಸೈಕಲ್ ತಡೆದೀತು? 1963ರ ನವೆಂಬರ್ 21ರಂದು ಅದನ್ನು ಸೇಂಟ್ ಮೇರಿ ಮ್ಯಾಗ್ದಲೀನ್ ಚರ್ಚ್ ಕಟ್ಟಡದಲ್ಲಿ ಜೋಡಿಸಿ ಕಡಲತಡಿಗೆ ತರಲಾಯಿತು. ಜೋಡಣೆ ಮತ್ತು ಸುರಕ್ಷತೆಯ ಹೊಣೆ, ನಾಸಾದಲ್ಲಿ ತರಬೇತಿ ಮುಗಿಸಿ ಬಂದಿದ್ದ ಎ. ಪಿ. ಜೆ. ಅಬ್ದುಲ್ ಕಲಾಂ ಅವರದು. ಕ್ರೇನ್ ರಾಕೆಟನ್ನು ಎತ್ತಿ ಉಡಾವಣಾ ಪೀಠದ ಮೇಲೆ ಇಡುವಷ್ಟರಲ್ಲಿ ರಾಕೆಟ್ ವಾಲತೊಡಗಿತು. ಕ್ರೇನಿನ ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಸೋರಿಕೆ!

ನಾಳೆ ನೋಡೋಣ ಎನ್ನುವಂತಿರಲಿಲ್ಲ. ರಾಕೆಟಿನಲ್ಲಿದ್ದದ್ದು ಸೋಡಿಯಂ ಆವಿ. ನೆಲದಲ್ಲಿ ಕತ್ತಲು ಕವಿದಿರಬೇಕು, ಅಷ್ಟೆತ್ತರದಲ್ಲಿ ಮಾತ್ರ ಇನ್ನೂ ಬಿಸಿಲಿರಬೇಕು. ಆಗಷ್ಟೇ ಆ ಆವಿ ಕಿತ್ತಳೆ ಬಣ್ಣದಲ್ಲಿ ಬೆಳಗುತ್ತದೆ. ಅದು ತೇಲುವ ದಿಕ್ಕನ್ನು ಫೋಟೋ ತೆಗೆದು ಮೇಲಿನ ಗಾಳಿಯನ್ನು ಅಳೆಯಬೇಕಿತ್ತು. ಮುಸ್ಸಂಜೆಯ ಆ ಕೆಲವು ನಿಮಿಷ ಜಾರಿದರೆ ಆ ದಿನ ಕಳೆದಂತೆಯೇ. ರಿಪೇರಿಗೆ ಸಮಯವಿರಲಿಲ್ಲ. ಎಲ್ಲರೂ ಹೆಗಲು ಕೊಟ್ಟು ಕೈಯಿಂದಲೇ ರಾಕೆಟನ್ನು ಪೀಠಕ್ಕೆ ಏರಿಸಿದರು. ಸಂಜೆ 6.25ಕ್ಕೆ ಅದು ಮೇಲೇರಿತು.

ಹಾಗಾದರೆ 1966ರ ಸೈಕಲ್? ಒಯ್ಯಬೇಕಿದ್ದದ್ದು ಸಣ್ಣ ರಾಕೆಟಿನ ಹಗುರವಾದ ಮೂತಿ, ದಾರಿ ಕೇಂದ್ರದೊಳಗಿನದು, ವಾಹನಗಳೋ ಬೆರಳೆಣಿಕೆಯವು. ಕೆಲಸಕ್ಕೆ ತಕ್ಕ ಗಾಡಿ, ಅಷ್ಟೇ. ಅದನ್ನು ಬರೀ ಬಡತನದ ಚಿತ್ರವಾಗಿ ನೋಡುವುದು ಈ ಲೇಖಕನಿಗೆ ಒಪ್ಪಿಗೆಯಿಲ್ಲ. ನಮ್ಮ ಬೆಂಗಳೂರಿನದೇ ಇನ್ನೊಂದು ಉದಾಹರಣೆಯಿದೆ. 1981ರಲ್ಲಿ ಆಪಲ್ ಉಪಗ್ರಹವನ್ನು ಎತ್ತಿನ ಗಾಡಿಯ ಮೇಲಿಟ್ಟಿದ್ದು ಲಾರಿ ಇಲ್ಲದೆ ಅಲ್ಲ. ಆಂಟೆನಾ ಪರೀಕ್ಷೆಗೆ ಸುತ್ತ ಲೋಹ ಇರಬಾರದು, ಮರದ ಗಾಡಿಯೇ ಬೇಕಿತ್ತು. ಆಗ ಬೆಂಗಳೂರಿನ ಉಪಗ್ರಹ ಕೇಂದ್ರದ ನಿರ್ದೇಶಕರು ಉಡುಪಿ ಬಳಿಯ ಅದಮಾರಿನ ಯು. ಆರ್. ರಾವ್.

ತುಂಬಕ್ಕೆ ರಾಕೆಟ್ ಬಂದದ್ದು ಭೂಕಾಂತೀಯ ಸಮಭಾಜಕ ರೇಖೆ ಅದರ ಸಮೀಪ ಹಾದುಹೋಗುವ ಕಾರಣಕ್ಕೆ. ರೈಲುಹಳಿ ಮತ್ತು ಕಡಲಿನ ನಡುವೆ ಸುಮಾರು 600 ಎಕರೆ ಜಾಗ ಬೇಕಾಯಿತು. ಅಲ್ಲಿದ್ದವರು ಬೆಸ್ತರು. ವಿಕ್ರಂ ಸಾರಾಭಾಯಿ ಅವರ ಕೋರಿಕೆಯನ್ನು ಬಿಷಪ್ ಪೀಟರ್ ಬರ್ನಾರ್ಡ್ ಪೆರೇರಾ ಊರವರ ಮುಂದಿಟ್ಟರು, ಊರವರು ಒಪ್ಪಿದರು. ಮನೆಗಳು ಬೇರೆಡೆಗೆ ಹೋದವು, ಹೊಸ ಚರ್ಚ್ ಎದ್ದಿತು. ಹಳೆಯ ಚರ್ಚಿನಲ್ಲಿ ರಾಕೆಟ್ ಜೋಡಣೆ, ದನದ ಕೊಟ್ಟಿಗೆಯಲ್ಲಿ ಪ್ರಯೋಗಾಲಯ! ರಾಕೆಟಿಗಿಂತ ಮೊದಲು ಜಾಗ ಬದಲಿಸಿದ್ದು ಒಂದು ಇಡೀ ಊರು. ಅವರ ಹೆಸರುಗಳೂ ಯಾವ ಅಡಿಬರಹದಲ್ಲಿಲ್ಲ.

ತಿರುವಾಂಕೂರಿನ ದೇವಸ್ಥಾನಗಳಿಗೆ ತುಳುನಾಡಿನ ಪೋತ್ತಿಗಳು ಅರ್ಚಕರಾಗಿ ಹೋದದ್ದು ಹಳೆಯ ಕಥೆ. ಸತ್ಯ ಅವರ ಪೀಳಿಗೆ ಹೋದದ್ದು ರಾಕೆಟಿನ ಕೆಲಸಕ್ಕೆ. ಅವರು ತುಂಬದಲ್ಲಿ ಕಲಾಂ ಅವರ ಒಡನಾಡಿಯಾಗಿ ಗಾಜಿನ ನಾರಿನ ಬಲವರ್ಧಿತ ಪ್ಲಾಸ್ಟಿಕ್ ತಯಾರಿಯಲ್ಲಿ ದುಡಿದರು. ರಾಕೆಟಿನ ತೂಕ ಇಳಿಸುವ ವಸ್ತು ಅದು.

ಆ ಹಳೆಯ ಚರ್ಚ್ ಈಗ ಬಾಹ್ಯಾಕಾಶ ವಸ್ತುಸಂಗ್ರಹಾಲಯ. ಅನಂತಪದ್ಮನಾಭನ ದರ್ಶನಕ್ಕೆ ತಿರುವನಂತಪುರಕ್ಕೆ ಹೋಗುವ ನಮ್ಮವರು ಅರ್ಧ ದಿನ ಬಿಡುವು ಮಾಡಿಕೊಂಡು ಇಲ್ಲಿಗೂ ಹೋಗಿಬರಬಹುದು. ಗುರುತಿನ ಚೀಟಿ ಜೊತೆಗಿರಲಿ.